ಸದೂ ಕಾಕಾ ಎಲ್ಲಿ ಕೇಳಿಸುತ್ತಾರೆ

ಕಳೆದ ತಿಂಗಳು ಬೀಡಿ ಎಂಬ ಊರಿನಲ್ಲಿ ಒಂದು ಮದುವೆಗೆ ಹೋಗುವಾಗ ನಮ್ಮ ಬಸ್ಸು ಖಾನಾಪುರದ ಹೊರಗೆ ಸ್ವಲ್ಪ ಹೊತ್ತು ನಿಂತಿತು. ಕಿಟಕಿ ತೆರೆದೇ ಇತ್ತು. ಹತ್ತಿರದಲ್ಲಿ ಎಲ್ಲೋ ಹಂಚಿನ ಭಟ್ಟಿ ಉರಿಯುತ್ತಿದ್ದಿರಬೇಕು. ಅರ್ಧ ಹಸಿ, ಅರ್ಧ ಸುಟ್ಟ ಮಣ್ಣಿನ ವಾಸನೆ ಕಟ್ಟಿಗೆಯ ಹೊಗೆಯೊಂದಿಗೆ ಒಳಗೆ ಬಂತು. ಮೊದಲ ಮಳೆಯ ವಾಸನೆಯನ್ನು ಯಾರೋ ಒಲೆಯ ಮೇಲಿಟ್ಟು ಕಾಯಿಸಿದ ಹಾಗೆ ಇರುತ್ತದೆ ಅದು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇನ್ನಷ್ಟು ಕಿಟಕಿಯ ಕಡೆಗೆ ಸರಿದು ಕುಳಿತೆ. ನನ್ನ ಬಾಲ್ಯದ ಹತ್ತು ಹನ್ನೆರಡು ವರ್ಷ ನಾನು ಉಸಿರಾಡಿದ ಗಾಳಿ ಅದು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ಮೊದಲು ಮನೆ ನೆನಪಾಗುತ್ತದೆ, ಆಮೇಲೆ ಆ ಮನೆಯ ಜನ ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ.

ನಮ್ಮ ಮನೆ ಹಂಚಿನ ಕಾರ್ಖಾನೆಯ ಹಿಂದೆ, ರಸ್ತೆಗೆ ತಾಗಿಕೊಂಡೇ ಇತ್ತು. ಅಜ್ಜ ಆ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಕೆಂಪು ಧೂಳು ತುಳಸಿ ಕಟ್ಟೆಯ ಮೇಲೆ, ಒಣಗಲು ಹಾಕಿದ ಧೋತರದ ಅಂಚಿನ ಮೇಲೆ, ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ ಕೂರುತ್ತಿತ್ತು. ಅಜ್ಜನ ಪೇಟಿಯ ಒಳಗೂ ಹೋಗುತ್ತಿತ್ತು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ತಿಂಗಳಿಗೊಮ್ಮೆ ಅಜ್ಜ ಅದನ್ನು ಬಿಚ್ಚಿ, ಹಳೆಯ ಪಂಜೆಯಿಂದ ಒಂದೊಂದೇ ಪಟ್ಟಿ ಒರೆಸಿ, ಮತ್ತೆ ಜೋಡಿಸುತ್ತಿದ್ದರು. ಆ ಹೊತ್ತು ಯಾರೂ ಪಡಸಾಲೆ ದಾಟುವಂತಿರಲಿಲ್ಲ. ಗುರುವಾರ ಸಂಜೆ ನಮ್ಮಲ್ಲಿ ಭಜನೆ. ಒಂದು ಪದ ಕನ್ನಡದ್ದು, ಒಂದು ಅಭಂಗ ಮರಾಠಿಯದ್ದು. ಬಂದವರಲ್ಲಿ ಯಾರು ಕನ್ನಡದವರು, ಯಾರು ಮರಾಠಿಯವರು ಎಂಬುದು ಹಾಡುವಾಗ ತಿಳಿಯುತ್ತಿರಲಿಲ್ಲ. ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಲೆಕ್ಕ ಮಾಡುತ್ತಿದ್ದದ್ದು ಮರಾಠಿಯಲ್ಲಿ, ಬೈಯುತ್ತಿದ್ದದ್ದು ಕನ್ನಡದಲ್ಲಿ. ಅಪ್ಪ ತಾಲೂಕು ಕಚೇರಿಗೆ ಹೋಗುತ್ತಿದ್ದರು, ಅವ್ವ ಅಡುಗೆಮನೆ ನೋಡುತ್ತಿದ್ದಳು. ಮನೆಯಲ್ಲಿ ಮಗು ಎಂದರೆ ನಾನೊಬ್ಬಳೇ. ಹಾಗಾಗಿ ದೊಡ್ಡವರ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಆ ಮಾತುಗಳಲ್ಲಿ ಹೆಚ್ಚಾಗಿ ಬರುತ್ತಿದ್ದವರು ಮನೆಯಲ್ಲಿ ಇಲ್ಲದ ಸದೂ ಕಾಕಾ, ಅಪ್ಪನ ತಮ್ಮ ಸದಾನಂದ. ನಾನು ಹುಟ್ಟುವ ಮೊದಲೇ ಪರದೇಶಕ್ಕೆ ಹೋದವರು. ಅಜ್ಜ ಅವರನ್ನು ಕಾಲೇಜು ಕಲಿಯಲೆಂದು ಬೆಳಗಾವಿಗೆ ಕಳಿಸಿದ್ದರಂತೆ. ಅಲ್ಲಿಯ ಶಹಾಪುರ ಭಾಗದಲ್ಲಿ ಅಜ್ಜನ ತಂಗಿಯ ಮನೆಯಲ್ಲಿ ವಾಸ. ಎದ್ದರೂ ಮಲಗಿದರೂ ಮಗ್ಗದ ಸದ್ದು ತುಂಬಿದ ಮನೆ ಅದು. ಕಾಕಾ ಪುಸ್ತಕ ಹಿಡಿದು ಹೊರಡುತ್ತಿದ್ದರು, ಆದರೆ ಕಾಲೇಜಿಗೆ ಹೋಗುತ್ತಿರಲಿಲ್ಲ. ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಒಬ್ಬ ಮುದುಕ ಗಿಟಾರ್ ಮಾಸ್ತರ ಇದ್ದರು. ಹಿಂದೆ ಮುಂಬೈ ಹೋಟೆಲುಗಳ ಬ್ಯಾಂಡಿನಲ್ಲಿ ನುಡಿಸಿದ್ದ ಗೋವಾದವರು. ಅಲ್ಲಿ ಹೋಗಿ ಕೂರುತ್ತಿದ್ದರು. ವಿಷಯ ತಿಳಿದು ಅಜ್ಜ ಬೆಳಗಾವಿಗೆ ಹೋದರು, ಮಾಸ್ತರರ ಮನೆಯ ಬಾಗಿಲಲ್ಲಿ ನಿಂತು ಒಂದು ತಾಸು ಕೇಳಿದರು, ಮಗನನ್ನು ಕರೆದುಕೊಂಡು ಬಂದರು. ಬೈಯಲಿಲ್ಲವಂತೆ. ಬಸ್ಸಿನಲ್ಲಿ ಒಂದೇ ಮಾತು ಹೇಳಿದರಂತೆ: “ಕಲಿತಿದ್ರ ಕಲಿ. ಆದ್ರ ಒಂದ್ ದಿನ ನೀ ಬಾರಸೂದು ನನಗ ಕೇಳಿಸಬೇಕು.” ಆಮೇಲೆ ಕಾಕಾ ಖಾನಾಪುರದ ಸ್ಟೇಶನ್ನಿನಲ್ಲಿ ಗೋವಾದ ರೈಲು ಹತ್ತಿದರು. ಅಲ್ಲಿ ಹೋಟೆಲಿನಲ್ಲಿ ಕೆಲವು ವರ್ಷ, ಆಮೇಲೆ ಹಡಗಿನಲ್ಲಿ, ಹಡಗಿನಿಂದ ಇಳಿದು ಜರ್ಮನಿಯ ಹ್ಯಾಂಬರ್ಗ್ ಎಂಬ ಊರಿನಲ್ಲಿ. ಅಲ್ಲಿ ಹದಿನೇಳು ಜನರ ಒಂದು ಜಾಝ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾರೆ ಎಂಬಲ್ಲಿಗೆ ನಮ್ಮ ಮನೆಯವರಿಗೆ ತಿಳಿದದ್ದು ಮುಗಿಯುತ್ತಿತ್ತು.

ಜಾಝ್ ಎಂದರೇನು ಎಂದು ನಾನು ಎಲ್ಲರನ್ನೂ ಕೇಳಿದ್ದೆ. ಇಂಗ್ಲಿಷ್ ಸಂಗೀತ ಎಂದರು ಅಪ್ಪ. ಕಾಗದದಲ್ಲಿ ಬರೆದದ್ದನ್ನು ಬಿಟ್ಟು ಮನಸ್ಸಿಗೆ ಬಂದದ್ದನ್ನು ನುಡಿಸುವುದು ಎಂದು ಎಲ್ಲೋ ಓದಿದ್ದ ಅವ್ವ ಹೇಳಿದಳು. ಹಾಗಿದ್ದರೆ ಅದನ್ನು ನಾವೂ ಮಾಡುತ್ತೇವಲ್ಲ ಎಂದರು ಅಜ್ಜ. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಬ್ಯಾಂಡು ಎಂದೊಡನೆ ಮದುವೆ ಮೆರವಣಿಗೆಯ ಬ್ಯಾಂಡೆಂದೇ ತಿಳಿದುಕೊಂಡಿದ್ದರು. ಒಬ್ಬಾಕೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ವರ್ಷಾನಗಟ್ಟಲೆ ಕೆಲಸ ಸಿಗತೈತಿ ಅಂದ್ರ, ಅಲ್ಲೂ ಅಷ್ಟ ಮದುವಿ ಆಗತಾವೇನ್ರೀ?”

ಆಯಿ ಹಿಟ್ಟಿನ ಡಬ್ಬಿ ಸೊಂಟಕ್ಕೇರಿಸಿಕೊಂಡು, “ಆಗತಾವ. ಅಲ್ಲಿ ಒಬ್ಬೊಬ್ಬರು ಎರಡೆರಡ ಸರತೆ ಆಗತಾರಂತ” ಎಂದು ಹೇಳಿ ಬಂದಳು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕಾಕಾನಿಂದ ಒಂದು ಕ್ಯಾಸೆಟ್ ಬಂತು. ದಪ್ಪ ಲಕೋಟೆಯಲ್ಲಿ, ಹತ್ತಿಯಲ್ಲಿ ಸುತ್ತಿ. ಜೊತೆಗೊಂದು ಚೀಟಿ: ನಾವು ನುಡಿಸಿದ್ದು, ಅಪ್ಪನಿಗೆ ಕೇಳಿಸಿರಿ. ಅವರ ಅಪ್ಪ ಎಂದರೆ ನನ್ನ ಅಜ್ಜ. ರವಿವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಟೇಪ್ ರಿಕಾರ್ಡರನ್ನು ಪಡಸಾಲೆಯ ನಡುವೆ ಮಣೆಯ ಮೇಲಿಟ್ಟರು. ಅಜ್ಜ ಅಂಗಿ ಹಾಕಿಕೊಂಡು ಬಂದು ಕುಳಿತರು. ಮನೆಯಲ್ಲಿ ಮಧ್ಯಾಹ್ನ ಅವರು ಅಂಗಿ ಹಾಕುತ್ತಿರಲಿಲ್ಲ. ಗುಂಡಿ ಒತ್ತಿದೊಡನೆ ಒಳಗಿನಿಂದ ಹಿಂಡುಗಟ್ಟಲೆ ತುತ್ತೂರಿಗಳು ಒಮ್ಮೆಲೇ ಎದ್ದವು. ಡ್ರಮ್ಮು, ಪಿಯಾನೊ, ಒಬ್ಬ ಊದಿ ಮುಗಿಸುವಷ್ಟರಲ್ಲಿ ಇನ್ನೊಬ್ಬ. ಬೆಕ್ಕು ಅಟ್ಟ ಹತ್ತಿತು. ನಾವೆಲ್ಲ ಕಾದೆವು. ಒಂದು ಬದಿ ಮುಗಿಯಿತು. ತಿರುವಿ ಹಾಕಿದೆವು. ಅದೂ ಮುಗಿಯಿತು. ಗಿಟಾರ್ ಎಲ್ಲೂ ಬರಲಿಲ್ಲ.

“ಇದರಾಗ ನಮ್ಮ ಸದ್ಯಾ ಎಲ್ಲಿ ಅದಾನ?” ಎಂದರು ಅಜ್ಜ.

ಅಪ್ಪ ಮತ್ತೊಮ್ಮೆ ಹಾಕಿದರು. ಆಯಿಗೆ ಮಾತ್ರ ಸಂಶಯವೇ ಇರಲಿಲ್ಲ. ಎಲ್ಲರಿಗಿಂತ ಎತ್ತರದಲ್ಲಿ ಒಂದು ತುತ್ತೂರಿ ಕೂಗಿದಾಗ, “ಇವನ. ಸಣ್ಣಾಂವ ಇದ್ದಾಗ ಹಿಂಗ ಅಳತಿದ್ದ” ಎಂದು ಕಣ್ಣೊರೆಸಿಕೊಂಡಳು. ಗಿಟಾರನ್ನು ಊದುತ್ತಾರೋ ಬಾರಿಸುತ್ತಾರೋ ಎಂದು ಆಯಿ ಯಾರನ್ನೂ ಕೇಳಲಿಲ್ಲ. ಕೊನೆಯವರೆಗೂ ಅವಳಿಗೆ ಅವಳ ಮಗ ಆ ತುತ್ತೂರಿಯೇ ಆಗಿದ್ದ. ಅಜ್ಜ ಸಂಗೀತ ಬಲ್ಲವರು, ಅವರಿಗೆ ಆ ಸುಖ ಇರಲಿಲ್ಲ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, “ಇವನ ಕೈಯಾಗ ಏನೂ ಕೆಲಸ ಕೊಟ್ಟಿಲ್ಲ. ಕುಂದರಿಸ್ಯಾರ, ಅಷ್ಟ” ಎಂದು ಹೇಳಿ ಒಳಗೆ ಹೋದರು.

ಮರುದಿನ ಅಜ್ಜ ಪರದೇಶದ ಅಂಚೆ ಕಾಗದ ತರಿಸಿ ಬರೆದರು. ಅಂಚೆಪೆಟ್ಟಿಗೆಗೆ ಹಾಕಲು ಶಾಲೆಗೆ ಹೊರಟ ನನ್ನ ಕೈಗೆ ಕೊಟ್ಟರು. ಅಂಟಿಸಿರಲಿಲ್ಲ, ಅಂಟು ನಾನೇ ಹಚ್ಚಬೇಕಿತ್ತು. ರಸ್ತೆಯಲ್ಲಿ ಬಿಚ್ಚಿ ಓದಿದೆ. ಇಡೀ ಹಾಳೆಯಲ್ಲಿ ಮೂರೇ ಸಾಲು. ಕ್ಯಾಸೆಟ್ ಮುಟ್ಟಿತು. ಎಲ್ಲರೂ ಕೇಳಿದೆವು. ನೀನು ಕೇಳಿಸಲಿಲ್ಲ. ಅದರ ಕೆಳಗೆ ಅಷ್ಟೊಂದು ಖಾಲಿ ನೀಲಿ ಜಾಗ. ಫೋಟೊದಲ್ಲಿ ಮಾತ್ರ ನೋಡಿದ್ದ ಆ ಮನುಷ್ಯ ಇದನ್ನು ಬಿಚ್ಚಿ ಓದುವುದನ್ನು ನೆನೆದು ನನಗೆ ಹೇಗೆ ಹೇಗೋ ಆಯಿತು. ಅಂಚೆ ಕಚೇರಿಯ ಕಟ್ಟೆಯ ಮೇಲೆ ಪಾಟಿಚೀಲ ಇಟ್ಟು, ಪೆನ್ಸಿಲ್ ತೆಗೆದು ಕೆಳಗೆ ಬರೆದೆ: ಕಾಕಾ, ನನಗೆ ಕೇಳಿಸಿತು. ಶಾಲೂ. ಅಂಟು ಹಚ್ಚಿ ಪೆಟ್ಟಿಗೆಗೆ ಹಾಕಿದೆ. ಅದು ಸುಳ್ಳು. ನಾನು ಹೇಳಿದ ಮೊದಲ ಸುಳ್ಳೇನಲ್ಲ, ಆದರೆ ಬರೆದು ಪರದೇಶಕ್ಕೆ ಕಳಿಸಿದ ಮೊದಲನೆಯದು.

ಒಂದೂವರೆ ತಿಂಗಳಿಗೆ ನನ್ನ ಹೆಸರಿಗೆ ಒಂದು ಚಿತ್ರದ ಕಾರ್ಡು ಬಂತು, ಒಂದು ಬದಿಗೆ ಬಂದರಿನ ಚಿತ್ರ, ಹಡಗುಗಳು. ಹಿಂದೆ ಉರುಟು ಅಕ್ಷರದಲ್ಲಿ: ಎಲ್ಲಿ ಕೇಳಿಸಿತು? ಬಂದಾಗ ತೋರಿಸು. “ಏನ ಕೇಳಿಸ್ತಲೇ ನಿನಗ?” ಎಂದು ಅವ್ವ ಕೇಳಿದಳು. ನಾನು ಕಾರ್ಡನ್ನು ಪಾಟಿಚೀಲದಲ್ಲಿ ಬಚ್ಚಿಟ್ಟೆ. ಅಂದಿನಿಂದ ನನಗೆ ಬೇರೆ ಉದ್ಯೋಗ ಇರಲಿಲ್ಲ. ಕಾಕಾ ಬರುವವರೆಗೆ ಅವರನ್ನು ಆ ಕ್ಯಾಸೆಟ್ಟಿನಲ್ಲಿ ಹುಡುಕಿಡಬೇಕಿತ್ತು. ಶಾಲೆಯಿಂದ ಬಂದು, ಪಡಸಾಲೆಯಲ್ಲಿ ಅಡ್ಡ ಮಲಗಿ, ಟೇಪ್ ರಿಕಾರ್ಡರಿನ ಜಾಲರಿಗೆ ಕಿವಿ ಹಚ್ಚುತ್ತಿದ್ದೆ. ಮೊದಮೊದಲು ಗದ್ದಲವೆನಿಸಿದ್ದು ಬರುಬರುತ್ತ ಬಿಡಿಬಿಡಿಯಾಗತೊಡಗಿತು. ಒಬ್ಬ ತುತ್ತೂರಿಯವನಿಗೆ ನೆಗಡಿ ಆದಂತಿತ್ತು. ಇನ್ನೊಬ್ಬ ಬೇಗ ಮನೆಗೆ ಹೋಗಬೇಕು ಎನ್ನುವವನ ಹಾಗೆ ಅವಸರ ಮಾಡುತ್ತಿದ್ದ. ಪಿಯಾನೊದವನು ನಡುನಡುವೆ ನಗುತ್ತಿದ್ದ. ಅವರೆಲ್ಲ ನನ್ನ ಪರಿಚಯದವರಾದರು. ಕಾಕಾ ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಕರೆಂಟು ಹೋದ ಒಂದು ಸಂಜೆ. ಸೆಲ್ಲು ಹಾಕಿದ್ದೆ, ಅವು ಹಳೆಯವು. ಹಾಡು ನಿಧಾನವಾಗುತ್ತ ಆಗುತ್ತ ತುತ್ತೂರಿಗಳೆಲ್ಲ ಎಮ್ಮೆ ನರಳಿದಂತೆ ನರಳತೊಡಗಿದವು. ಆ ನರಳಾಟದ ಅಡಿಯಲ್ಲಿ ಚಕ್, ಚಕ್, ಚಕ್, ಚಕ್ ಎಂದು ಒಂದು ಸಪ್ಪಳ. ಆಯಿ ಮೊರದಲ್ಲಿ ಅಕ್ಕಿ ಕೇರುವ ಹಾಗೆ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಆ ಸಪ್ಪಳ ನನಗೆ ಹೊಸದಲ್ಲ. ಮೊದಲ ದಿನದಿಂದ ಕೇಳಿದ್ದೆ, ಟೇಪ್ ರಿಕಾರ್ಡರಿನದೇ ಏನೋ ದೋಷವೆಂದುಕೊಂಡಿದ್ದೆ. ಈಗ ತುತ್ತೂರಿ ನರಳಿದಷ್ಟೇ ಅದೂ ನಿಧಾನವಾಗುತ್ತಿತ್ತು. ಯಂತ್ರದ್ದಾಗಿದ್ದರೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ, ಟೇಪು ತಿರುಗುತ್ತಿದ್ದರೂ ಅದೇಕೆ ನಿಲ್ಲಬೇಕು? ಹೊಸ ಸೆಲ್ಲು ತರಿಸಿ ಮೊದಲಿನಿಂದ ಹಾಕಿದೆ. ಪ್ರತಿಯೊಂದು ಹಾಡಿನಲ್ಲೂ, ಮೊದಲಿನಿಂದ ಕೊನೆಯವರೆಗೆ, ಒಂದು ಕ್ಷಣವೂ ಬಿಡದೆ ತಂತಿಯ ಮೇಲಿನ ಆ ಪೆಟ್ಟು ಇತ್ತು, ಕಾಕಾ ಇದ್ದರು. ಓಡಿಹೋಗಿ ಅಜ್ಜನಿಗೆ ಹೇಳಿದೆ. ಅಜ್ಜ ಕೇಳಿ ನೋಡಿದರು, ನಿರಾಸೆಯಿಂದ ತಲೆ ಆಡಿಸಿದರು. “ಇದು ತಾಳ ಅಲ್ಲ, ಸ್ವರ ಅಲ್ಲ. ಇದಕ್ಕ ಅಷ್ಟ ದೂರ ಹೋಗಬೇಕಿತ್ತೇನು?”

ಮುಂದಿನ ಚಳಿಗಾಲದಲ್ಲಿ ಕಾಕಾ ಬಂದರು. ಫೋಟೊದಲ್ಲಿದ್ದದ್ದಕ್ಕಿಂತ ಬಡಕಲು, ಕಿವಿಯ ಬಳಿ ನರೆ. ಕೈಯಲ್ಲಿ ಒಂದು ದೊಡ್ಡ ಕರಿ ಪೆಟ್ಟಿಗೆ, ಅದರೊಳಗೆ ಹೊಟ್ಟೆ ಉಬ್ಬಿದ, ಪಿಟೀಲಿನ ಹಾಗೆ ಎರಡು ಸೀಳುಗಳಿದ್ದ ಗಿಟಾರ್. ಅಜ್ಜ “ಬಂದಿ?” ಎಂದರು, ಅಷ್ಟೇ. ಆಮೇಲೆ ಎಂಟು ದಿನ ತಂದೆ ಮಗ ಒಂದೇ ಪಂಕ್ತಿಯಲ್ಲಿ ಉಂಡರೂ ಮಾತು ಅಪ್ಪನ ಮೂಲಕ ಹೋಗುತ್ತಿತ್ತು. ಕಾಕಾ ಮೂರನೆಯ ದಿನ ಹಿತ್ತಲಲ್ಲಿ ಬಿಸಿಲು ಕಾಯಿಸುತ್ತ ನನ್ನನ್ನು ಕರೆದು, “ತೋರಸು ಈಗ. ಎಲ್ಲಿ ಕೇಳಿಸಿದೆ ನಾ?” ಎಂದರು. ನಾನು ಬಾಯಲ್ಲೇ ಚಕ್ ಚಕ್ ಎಂದು ಮಾಡಿ ತೋರಿಸಿದೆ. ಆಮೇಲೆ ಸುಮ್ಮನಿರಲಾಗದೆ ಎಲ್ಲ ಹೇಳಿದೆ.

“ಕಾಕಾ, ಕಾಗದ ಬರದಾಗ ಖರೇ ಕೇಳಿಸಿರಲಿಲ್ಲರಿ. ಸುಳ್ಳ ಬರದಿದ್ದೆ. ನಾ ಅದನ್ನ ಟೇಪ್ ರಿಕಾರ್ಡರ್ ಕೆಟ್ಟದ ಅಂತ ತಿಳಕೊಂಡಿದ್ದೆ.”

ಅವರು ನಕ್ಕರು. ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು, ಅವ್ವ ಹೊರಗೆ ಬಂದು ನೋಡಿ ಹೋದಳು. ಆಮೇಲೆ ನನ್ನ ಬೆರಳನ್ನು ತಮ್ಮ ಎಡಗೈ ಬೆರಳ ತುದಿಗೆ ಹಚ್ಚಿಸಿದರು. ಸುಟ್ಟ ಹಂಚಿನಂತೆ ಗಟ್ಟಿಯಾಗಿತ್ತು. “ನನ್ನ ಕೆಲಸ ಅಷ್ಟ ನೋಡು. ನಾಕ ಪೆಟ್ಟು, ಮತ್ತ ನಾಕ ಪೆಟ್ಟು. ಹದಿನಾರ ಮಂದಿ ಹಾರಾಡತಿರತಾರ. ತಿರಿಗಿ ಬಂದು ಕಾಲ ಇಡಾಕ ಅವರಿಗೆ ನೆಲ ಬೇಕಲ್ಲ” ಎಂದರು.

ಆ ಗುರುವಾರದ ಭಜನೆಗೆ ಶಹಾಪುರದಿಂದ ಅಜ್ಜನ ತಂಗಿಯ ಮನೆಯವರೂ ಬಂದಿದ್ದರು. ಪರದೇಶದಿಂದ ಬಂದವನ ಗಿಟಾರ್ ಕೇಳಲು ಕಾರ್ಖಾನೆಯ ಜನ ಬಾಗಿಲಾಚೆಯವರೆಗೆ ಕುಳಿತಿದ್ದರು. ತಬಲಾದವರು ಬೀಡಿ ಊರಿನವರು, ಜ್ವರ ಬಂದು ಅವತ್ತು ಬರಲಿಲ್ಲ. ಆಯಿಯೇ ಕಾಕಾನನ್ನು ಎಬ್ಬಿಸಿ ಅಜ್ಜನ ಬಾಜು ಕೂರಿಸಿದಳು. ಅಜ್ಜ ತಿರುಗಿ ನೋಡದೆ ಪೇಟಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಕಾಕಾ ಪೇಟಿಯ ಸ್ವರಕ್ಕೆ ತಂತಿ ಹೊಂದಿಸಿಕೊಂಡು, ಎರಡೇ ತಂತಿಗಳ ಮೇಲೆ, ಹೊದಿಕೆ ಹೊಚ್ಚಿದಂಥ ದನಿಯಲ್ಲಿ ಶುರುಮಾಡಿದರು. ಒಂದು ಪದ ಮುಗಿಯಿತು, ಒಂದು ಅಭಂಗ ಮುಗಿಯಿತು. ಜನ ಕಾಯುತ್ತಿದ್ದರು. ಅಜ್ಜನ ತಂಗಿಯ ಗಂಡ, ಶಹಾಪುರದ ಮಾಮಾ, ತಡೆಯಲಾರದೆ “ಸದೂ, ಈಗರ ಒಂದ ಬಾರಸಪಾ” ಎಂದರು. “ಬಾರಸಾಕತ್ತೀನಲ್ರೀ ಮಾಮಾ” ಎಂದರು ಕಾಕಾ. ಬಾಗಿಲ ಬಳಿ ಯಾರೋ ನಕ್ಕರು. ಅಪ್ಪ ತಲೆ ತಗ್ಗಿಸಿದರು. ನನಗೆ ಎದ್ದು ಎಲ್ಲರಿಗೂ ತಿಳಿಸಿ ಹೇಳಬೇಕೆನಿಸಿತು.

ಮೂರನೆಯ ಪದಕ್ಕೆ ಅಜ್ಜನ ದನಿ ಏರಿತು. ಇಳಿವಯಸ್ಸಿನಲ್ಲಿ ಅವರು ಮೇಲಿನ ಸ್ವರಗಳಿಗೆ ಹೋಗುವುದನ್ನು ಬಿಟ್ಟಿದ್ದರು, ಅವತ್ತು ಹೋದರು. ಹೋಗಿ ಅಲ್ಲೇ ನಿಂತು, ಸಾಲನ್ನು ಒಡೆದು, ಹಿಂದು ಮುಂದು ಮಾಡಿ, ಎಲ್ಲೆಲ್ಲೋ ಸುತ್ತಿ, ಸರಿಯಾಗಿ ಬಂದು ಇಳಿಯುತ್ತಿದ್ದರು. ಆಯಿ ತಾಳ ಹಾಕುವುದನ್ನು ಮರೆತು ಅವರ ಮುಖ ನೋಡುತ್ತಿದ್ದಳು. ಹಾಗೆ ಮೇಲಿದ್ದಾಗಲೇ ಟಣ್ಣೆಂದು ಕಾಕಾನ ಗಿಟಾರಿನ ತಂತಿ ಹರಿಯಿತು. ಚಕ್ ಚಕ್ ನಿಂತಿತು. ಅಜ್ಜನ ದನಿ ಒಂದು ಸಲ ಎಡವಿತು, ತಡವರಿಸಿತು, ನಿಂತಿತು. ಕಣ್ಣು ಬಿಟ್ಟು ಮಗನ ಕಡೆ ನೋಡಿದರು.

“ಯಾಕ ನಿಲ್ಲಿಸಿದಿ?”

“ತಂತಿ ಹರೀತ್ರಿ ಅಪ್ಪಾ.”

“ಹಚ್ಚು. ನಾ ಕುಂತಿರತೀನಿ.”

ಕಾಕಾ ಪೆಟ್ಟಿಗೆಯಿಂದ ಹೊಸ ತಂತಿ ತೆಗೆದು, ಪೋಣಿಸಿ, ತಿರುವಿ, ಬಿಗಿದರು. ಅಷ್ಟು ಹೊತ್ತು ಅಜ್ಜ ಪೇಟಿಯ ತಿದಿಯ ಮೇಲೆ ಕೈಯಿಟ್ಟು ಕಾದರು. ಆಮೇಲೆ ಬಿಟ್ಟ ಸಾಲಿನಿಂದಲೇ ಎತ್ತಿಕೊಂಡರು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಕಾಕಾನ ಹತ್ತಿರ ಹೋಗಿ ನಿಂತು ಅಜ್ಜ ಹೇಳಿದ್ದನ್ನು ನಾನು ಬಚ್ಚಲ ಒಲೆಗೆ ಕಟ್ಟಿಗೆ ಹಾಕುತ್ತ ಕೇಳಿದೆ. “ನೀ ಬಾರಸಿದ್ದು ನನಗ ನಿನ್ನೆನೂ ಕೇಳಿಸಲಿಲ್ಲ. ನಿಲ್ಲಿಸಿದ್ದು ಕೇಳಿಸ್ತು.” ಕಾಕಾ ಬಾಯಲ್ಲಿ ನೊರೆ ಇಟ್ಟುಕೊಂಡೇ ನಿಂತುಬಿಟ್ಟರು. ಅಜ್ಜ ತಂಬಿಗೆಯಿಂದ ಅವರ ಕೈಗೆ ನೀರು ಹಾಕಿದರು. ಉಳಿದ ಇಪ್ಪತ್ತು ದಿನ ಇಬ್ಬರೂ ದಿನಾ ಸಂಜೆ ಒಟ್ಟಿಗೆ ಕೂತರು. ನಮ್ಮ ಮನೆಯಲ್ಲಿ ಅಷ್ಟು ಹಾಡು ಅದಕ್ಕೆ ಮೊದಲು ಇರಲಿಲ್ಲ, ಅದರ ನಂತರವೂ ಇರಲಿಲ್ಲ.

ಅದು ಅವರಿಬ್ಬರ ಕೊನೆಯ ಭೇಟಿ. ಎರಡು ವರ್ಷಕ್ಕೆ ಅಜ್ಜ ತೀರಿಕೊಂಡರು. ಕಾಕಾಗೆ ಸುದ್ದಿ ಮುಟ್ಟಿದಾಗ ಅವರು ಬ್ಯಾಂಡಿನೊಂದಿಗೆ ಯಾವುದೋ ಊರಿನಲ್ಲಿದ್ದರು, ಹದಿಮೂರನೆಯ ದಿನಕ್ಕೂ ಬಂದು ಮುಟ್ಟಲಾಗಲಿಲ್ಲ. ಆಯಿ ಹೋದಳು. ಕಾರ್ಖಾನೆ ಮುಚ್ಚಿತು. ನಾನು ಬೆಳಗಾವಿಗೆ ಬಂದು ಕಲಿತು, ಮಾಸ್ತರಿಕೆ ಹಿಡಿದು, ನೆಹರು ನಗರದಲ್ಲಿ ಮನೆ ಮಾಡಿದೆ. ಅಪ್ಪ ಅವ್ವ ಕಡೆಗಾಲಕ್ಕೆ ನನ್ನಲ್ಲೇ ಇದ್ದರು. ಖಾನಾಪುರದ ಮನೆ ಗೋವಾ ರಸ್ತೆ ಅಗಲ ಮಾಡುವಾಗ ಹೋಯಿತು. ಅಜ್ಜ ಪೇಟಿ ಇಟ್ಟುಕೊಂಡು ಕೂರುತ್ತಿದ್ದ ಜಾಗದ ಮೇಲೆ ಈಗ ಲಾರಿಗಳು ಓಡುತ್ತವೆ.

ಕೆಲವು ವರ್ಷಗಳ ಹಿಂದೆ ಕಾಕಾ ಒಂದು ಸಲ ಬಂದು ನನ್ನ ಮನೆಯಲ್ಲಿ ಹದಿನೈದು ದಿನ ಇದ್ದರು. ಎಪ್ಪತ್ತು ದಾಟಿತ್ತು. ಬ್ಯಾಂಡು ಯಾವಾಗಲೋ ಚದುರಿಹೋಗಿತ್ತು. ಅಲ್ಲಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಬೆರಳುಗಳ ತುದಿಗಳು ಮೆತ್ತಗಾಗಿದ್ದವು. ಒಂದು ದಿನ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ, ಬಾಲ್ಯದಿಂದ ನನ್ನೊಳಗೆ ಉಳಿದಿದ್ದ ಪ್ರಶ್ನೆ ಕೇಳಿದೆ.

“ಕಾಕಾ, ನಿಮಗ ಎಂದೂ ಮುಂದ ಬಂದು ಒಬ್ಬರೇ ಬಾರಸಬೇಕು ಅನಸಲಿಲ್ಲೇನ್ರೀ?”

ಅವರು ಕಪ್ಪನ್ನು ಕೆಳಗಿಟ್ಟರು. “ಒಂದ್ ಸರತೆ ಬಾರಸೀನಿ. ನಮ್ಮ ಬ್ಯಾಂಡಿನ ಯಜಮಾನ ಎಂಟು ಆವರ್ತನ ನನಗ ಬಿಟ್ಟಕೊಟ್ಟ. ಛಲೋನ ಬಾರಸಿದೆ. ಜನ ಚಪ್ಪಾಳಿ ಹೊಡದ್ರು. ಆದ್ರ ಶಾಲೂ, ಅವತ್ತ ಎಲ್ಲಾರೂ ನನ್ನ ಕಡೆ ನೋಡಿದ್ರು, ನಾನೂ ನನ್ನ ಕಡೆನ ನೋಡಕೋತ ಕುಂತೆ. ಬಾಜೂದವರು ಏನ ಬಾರಸಾಕತ್ತಾರ ಅನ್ನೂದು ನನಗ ಕೇಳಿಸಲೇ ಇಲ್ಲ. ಹದಿನಾರ ಮಂದೀದ ಕೇಳೂ ಜಾಗಾ ಬಿಟ್ಟು ಅಲ್ಲಿ ಯಾಕ ಹೋಗಲಿ ಅನಸ್ತು.” ಆಮೇಲೆ, “ಆಸೆ ಇರಲಿಲ್ಲಂತ ಹೇಳಂಗಿಲ್ಲ. ಇತ್ತು” ಎಂದು ಸೇರಿಸಿದರು. ಚಹಾ ಆರಿತ್ತು. ಬಿಸಿ ಮಾಡಿ ತರುತ್ತೇನೆಂದರೆ ಬೇಡವೆಂದು ಅದನ್ನೇ ಕುಡಿದರು.

ಈ ವರ್ಷದ ಆರಂಭದಲ್ಲಿ ಅವರು ಹೋದರು. ಸುದ್ದಿ ತಿಳಿಸಿದವರು ಹೆಲ್ಗಾ. ಕಾಕಾನೊಂದಿಗೆ ಮೂವತ್ತು ವರ್ಷ ಬಾಳಿದವರು ಎಂದು ನನಗೆ ತಿಳಿದದ್ದೇ ಆ ಫೋನಿನಲ್ಲಿ. ಮಣ್ಣು ಮಾಡಿ ಬಂದು ಒಂದು ವಾರವಾಗಿತ್ತಂತೆ. ನನಗೆ ಕಾಕಾನ ಅಲ್ಲಿಯ ಬದುಕಿನ ಬಗ್ಗೆ ಕೇಳಬೇಕಾದದ್ದು ಎಷ್ಟೋ ಇತ್ತು. ಆದರೆ ಕೇಳಲು ಕುಳಿತವರು ಹೆಲ್ಗಾ. ಕಾಕಾ ಊರಿನ ಬಗ್ಗೆ ಏನೂ ಹೇಳುತ್ತಿರಲಿಲ್ಲವಂತೆ. ಮುಂಬೈಯವರೆಂದೇ ಆಕೆ ಬಹುಕಾಲ ತಿಳಿದಿದ್ದರಂತೆ. ಚಿಕ್ಕಂದಿನಲ್ಲಿ ಕಾಕಾ ಹೇಗಿದ್ದರು ಎಂದು ನನ್ನ ಮುರುಕು ಇಂಗ್ಲಿಷಿಗೆ ತಕ್ಕ ಹಾಗೆ ನಿಧಾನವಾಗಿ ಕೇಳಿದರು. ನಾನಿನ್ನೂ ಹುಟ್ಟಿರಲಿಲ್ಲ ಎಂದು ಹೇಳಬೇಕಾಯಿತು. ಅದು ಗೊತ್ತಿದ್ದ ಅಜ್ಜ, ಆಯಿ, ಅಪ್ಪ, ಶಹಾಪುರದವರು, ಯಾರನ್ನು ಕೇಳಿ ಹೇಳಲಿ? ಗೊತ್ತಿದ್ದಷ್ಟು ಹೇಳಿದೆ. ರಸ್ತೆಯ ಕಡೆಯ ಬಾಗಿಲಿನಿಂದ ಶುರುಮಾಡಿ, ಪಡಸಾಲೆ, ದೇವರ ಗೂಡು, ಅಡುಗೆಮನೆಯ ಎರಡು ಮೆಟ್ಟಿಲು, ಹಿತ್ತಲ ಬಚ್ಚಲು, ಒಂದೊಂದಾಗಿ. ಅವರು ಬರೆದುಕೊಳ್ಳುತ್ತಿದ್ದರು, ಕಾಗದದ ಸದ್ದು ಕೇಳುತ್ತಿತ್ತು. ನಡುವೆ ತಡೆದು, ಕಾಕಾನ ತಾಯಿಯ ಹೆಸರೇನಿತ್ತು ಎಂದರು. ಆಯಿ ಎನ್ನಲು ಹೋಗಿ ತಡೆದೆ. ನಮಗೆಲ್ಲ ಅವಳು ಆಯಿಯಾಗಿದ್ದಳು, ಅವಳ ನಿಜವಾದ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ರುಕ್ಮಿಣಿ ಎಂದೆ. ಆ ಕಡೆಯಿಂದ ಅವರು ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿನೋಡಿದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಸರಿಯಾಗಿ ಬಂತು.